ನಾನು ಕತ್ತರಿಸಿದ ಎರಡನೆಯ ವಾಕ್ಯ

2010ರ ಜೂನ್‌ನಿಂದ 2013ರ ಮಾರ್ಚ್‌ವರೆಗೆ ನಾನು ಹೈದರಾಬಾದಿನ ಮಣಿಕೊಂಡದಲ್ಲಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಡಾಕ್ಯುಮೆಂಟೇಷನ್ ಎಡಿಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ದಿನಕ್ಕೆ ನಾಲ್ಕು ಗಂಟೆಯದು. ಮಗಳು ಶಾಲೆಯ ಬಸ್ ಹತ್ತಿದ ಮೇಲೆ ಹೋಗಿ, ಅವಳು ಇಳಿಯುವುದರೊಳಗೆ ಮನೆಗೆ ಬರುತ್ತಿದ್ದೆ. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಗೃಹಿಣಿ. ಅದರ ನಂತರವೂ ಗೃಹಿಣಿಯೇ. ನಮ್ಮ ಯಜಮಾನರಿಗೆ ಹುಬ್ಬಳ್ಳಿಯಿಂದ ವರ್ಗವಾಗಿ ನಾವು ಬಂದಾಗ ನಮ್ಮ ಅಡುಗೆಮನೆಯ ಕಿಟಕಿಯಿಂದ ದೊಡ್ಡ ದೊಡ್ಡ ಬಂಡೆಗಳೂ ಅವುಗಳ ಹಿಂದೆ ಕ್ರೇನ್‌ಗಳೂ ಕಾಣುತ್ತಿದ್ದವು. ಎರಡೇ ವರ್ಷದಲ್ಲಿ ಬಂಡೆಗಳು ಹೋಗಿ ಗಾಜಿನ ಕಟ್ಟಡಗಳು ಉಳಿದವು. ಇಂಗ್ಲಿಷನ್ನು ನೆಟ್ಟಗೆ ಬರೆಯಬಲ್ಲವರನ್ನು ಕೆಲಸವೇ ಹುಡುಕಿಕೊಂಡು ಬರುತ್ತಿದ್ದ ಕಾಲವದು. ನನ್ನನ್ನು ಅದು ಹುಡುಕಿದ್ದು ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಿಂದ. ನೀರಿನ ಟ್ಯಾಂಕ್ ತೊಳೆಯುವ ಬಗ್ಗೆ ನಾನು ಬರೆದು ಅಂಟಿಸಿದ್ದ ಎಂಟು ಸಾಲು ಓದಿದ ನೆರೆಮನೆಯವರೊಬ್ಬರು, ತಮ್ಮ ಕಂಪನಿಗೆ ಹೀಗೆ ಬರೆಯುವವರು ಬೇಕಾಗಿದ್ದಾರೆ ಎಂದು ಬಾಗಿಲು ತಟ್ಟಿದರು.

ಕಂಪನಿ ಇದ್ದದ್ದೂ ಒಂದು ಫ್ಲ್ಯಾಟಿನಲ್ಲೇ. ಏಳು ಜನ. ಅಡುಗೆಮನೆಯನ್ನು ಸರ್ವರ್ ರೂಮ್ ಮಾಡಿದ್ದರು. ಒಗ್ಗರಣೆಯ ಜಿಡ್ಡು ಇನ್ನೂ ಟೈಲ್ಸಿನ ಸಂದುಗಳಲ್ಲಿತ್ತು. ನಾವು ತಯಾರಿಸುತ್ತಿದ್ದದ್ದು ತರಬೇತಿ ಕೇಂದ್ರಗಳಿಗಾಗಿ ಲಿನಕ್ಸ್ ಮೇಲೆ ಕಟ್ಟಿದ ಒಂದು ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನ ಯಂತ್ರಭಾಗಗಳನ್ನು ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್ ಎಂಬಷ್ಟು ಮಾತ್ರ ಮೊದಲ ದಿನ ನನಗೆ ಗೊತ್ತಿತ್ತು. ಎಂಜಿನಿಯರ್‌ಗಳು ಬರೆದ ಹೆಲ್ಪ್ ಪುಟಗಳನ್ನು ಸಾಮಾನ್ಯರಿಗೆ ತಿಳಿಯುವಂತೆ ಇಂಗ್ಲಿಷಿನಲ್ಲಿ ತಿದ್ದುವುದು, ಆಮೇಲೆ ಅದನ್ನೇ ಕನ್ನಡಕ್ಕೆ ತರುವುದು ನನ್ನ ಕೆಲಸ. ಬಳಕೆದಾರರ ಇ-ಮೇಲ್‌ಗಳಿಗೆ ಉತ್ತರಿಸುವುದೂ ಕ್ರಮೇಣ ನನ್ನ ಪಾಲಿಗೇ ಬಂತು.

ಈ ಪ್ರಕರಣ ತಿಳಿಯಬೇಕಾದರೆ ವರ್ಚುವಲೈಸೇಷನ್ ಎಂದರೇನು ಎಂದು ಹೇಳಬೇಕು. ಒಂದೇ ಕಂಪ್ಯೂಟರಿನೊಳಗೆ ಎರಡು ಮೂರು ಕಂಪ್ಯೂಟರ್‌ಗಳಿರುವಂತೆ ನಡೆಸುವುದು. ಒಂದೇ ಒಲೆಯ ಮೇಲೆ ಎರಡು ಸಂಸಾರದ ಅಡುಗೆ, ಆದರೆ ಒಬ್ಬರ ಪಾತ್ರೆ ಇನ್ನೊಬ್ಬರ ಕಣ್ಣಿಗೆ ಬೀಳದಂತೆ. ಇದು ವೇಗವಾಗಿ ನಡೆಯಬೇಕಾದರೆ ಪ್ರೊಸೆಸರ್‌ನಲ್ಲೇ ಅದಕ್ಕೊಂದು ಏರ್ಪಾಡಿರಬೇಕು. ಕಂಪ್ಯೂಟರ್ ಚಾಲೂ ಆದಾಗ ಆಪರೇಟಿಂಗ್ ಸಿಸ್ಟಮ್ ಪ್ರೊಸೆಸರನ್ನು ‘ನಿನ್ನಲ್ಲಿ ಏನೇನಿದೆ?’ ಎಂದು ಕೇಳುತ್ತದೆ. ಪ್ರೊಸೆಸರ್ ಉದ್ದನೆಯ ಪಟ್ಟಿಯೊಂದನ್ನು ಕೊಡುತ್ತದೆ. ಆ ಪಟ್ಟಿಯ ನಡುವೆ ‘ವಿಎಂಎಕ್ಸ್’ ಎಂಬ ಇಂಗ್ಲಿಷಿನ ಮೂರಕ್ಷರದ ಗುರುತು ಇದ್ದರೆ ಆ ಏರ್ಪಾಡು ಅದರಲ್ಲಿದೆ ಎಂದರ್ಥ. ನಮ್ಮ ಆಪರೇಟಿಂಗ್ ಸಿಸ್ಟಮ್‌ನ ‘ಸಿಸ್ಟಮ್ ಮಾಹಿತಿ’ ಪರದೆಯಲ್ಲಿ ಈ ಪಟ್ಟಿ ಕಾಣುತ್ತಿತ್ತು. ‘ಇಷ್ಟು ಉದ್ದದ ಪಟ್ಟಿಯನ್ನು ಯಾರು ಹುಡುಕುತ್ತಾರೆ, ಒಂದು ಹಸಿರು ಟಿಕ್ ಹಾಕಿ, ಮುಂದೆ ವರ್ಚುವಲೈಸೇಷನ್: ಹೌದು ಎಂದು ಬರಲಿ’ ಎಂದು ಸಲಹೆ ಕೊಟ್ಟವಳು ನಾನೇ.

ಆ ಪರದೆಯ ಹೆಲ್ಪ್ ಪುಟವನ್ನು ಬರೆದವನು ಫಣೀಂದ್ರ. ನಮ್ಮ ಎಂಜಿನಿಯರ್, ಮೂವತ್ತರ ಹುಡುಗ, ಸದಾ ಅಂಗಿಯ ಒಂದು ತೋಳು ಮಡಚಿ ಇನ್ನೊಂದನ್ನು ಮರೆತಿರುತ್ತಿದ್ದ. ಅವನ ಇಂಗ್ಲಿಷ್ ಕೋರ್ಟಿನ ಕಾಗದದಂತೆ ಸುರುಳಿ ಸುರುಳಿಯಾಗಿತ್ತು. ಆ ಗುರುತು ಕಂಡರೆ ಪ್ರೊಸೆಸರ್‌ನಲ್ಲಿ ಸೌಲಭ್ಯವಿದೆ ಎಂದು ತಿಳಿಯತಕ್ಕದ್ದು ಎಂದು ಒಂದು ವಾಕ್ಯ. ಅದನ್ನು ಸೌಲಭ್ಯದ ಅಸ್ತಿತ್ವದ ಸೂಚನೆಯೆಂದು ಮಾತ್ರ ಗ್ರಹಿಸತಕ್ಕದ್ದೇ ಹೊರತು ಪ್ಲಾಟ್‌ಫಾರ್ಮ್ ಫರ್ಮ್‌ವೇರ್‌ನಿಂದ ಅದರ ಸಕ್ರಿಯತೆಯ ಸೂಚನೆಯೆಂದು ಗ್ರಹಿಸತಕ್ಕದ್ದಲ್ಲ ಎಂದು ಇನ್ನೊಂದು. ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿ ಪ್ರತಿ ಶುಕ್ರವಾರ ಪ್ರೆಸಿ ಬರೆಸುತ್ತಿದ್ದರು. ಒಂದು ಪುಟದ ಗದ್ಯವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಬೇಕು. ಮೊದಲು ಹೇಳಿದ್ದನ್ನೇ ಅಲ್ಲಗಳೆಯುವ ರೂಪದಲ್ಲಿ ಮತ್ತೆ ಹೇಳಿದ್ದರೆ ಸಿಸ್ಟರ್ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದರು. ತರಗತಿಯಲ್ಲಿ ನನಗೇ ಯಾವಾಗಲೂ ಹೆಚ್ಚಿನ ಅಂಕ. ಫಣೀಂದ್ರನ ಎರಡನೆಯ ವಾಕ್ಯವನ್ನು ನೋಡಿದಾಗ ನನಗೆ ಅನುಮಾನವೇ ಬರಲಿಲ್ಲ: ಮೊದಲನೆಯದರದೇ ಬಾಲ. ತೆಗೆದುಹಾಕಿದೆ. ‘ಪರದೆಯಲ್ಲಿ ಹಸಿರು ಟಿಕ್ ಇದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ವರ್ಚುವಲ್ ಮಷಿನ್‌ಗಳನ್ನು ನಡೆಸಬಹುದು’ ಎಂದು ಒಂದೇ ಸಾಲು ಉಳಿಯಿತು. ಫಣೀಂದ್ರ ಎದ್ದು ಹೋಗುವ ಅವಸರದಲ್ಲಿ ಓದಿ, “ಸೂಪರ್ ಮೇಡಂ, ಏಕ್‌ದಮ್ ಕ್ರಿಸ್ಪ್” ಎಂದ. ಪುಟ ಪ್ರಕಟವಾಯಿತು.

ನವೆಂಬರ್‌ನಲ್ಲಿ ಹೈದರಾಬಾದಿನದೇ ಕಾಚಿಗೂಡದಿಂದ ಒಂದು ಇ-ಮೇಲ್ ಬಂತು. ‘ರೆಸ್ಪೆಕ್ಟೆಡ್ ಮೇಡಂ’ ಎಂದು ಆರಂಭವಾಗಿ ಪ್ರತಿ ವಾಕ್ಯಕ್ಕೂ ‘ಕೈಂಡ್ಲಿ’ ಹಚ್ಚಿತ್ತು. ಕೆಳಗೆ ಶರಣಪ್ಪ ಎಂಬ ಹೆಸರು ನೋಡಿ, ನೀವು ಕನ್ನಡದವರೇನು ಎಂದು ಕೇಳಿ ಉತ್ತರ ಬರೆದೆ. ಹತ್ತು ನಿಮಿಷದಲ್ಲಿ ಆಫೀಸಿನ ಫೋನ್ ಬಂತು.

“ಏನ್ರಿ ಮೇಡಂ, ಮದಲ ಹೇಳಬಾರದೇನ್ರಿ! ಅರ್ಧಾ ತಾಸು ಡಿಕ್ಷನರಿ ಹಿಡಕೊಂಡು ಕುಂತಿದ್ನಿ ನಾ,” ಎಂದು ನಕ್ಕರು. ನಗು ಮುಗಿಯುವ ಮೊದಲೇ ಕೆಮ್ಮು ಶುರುವಾಯಿತು. ಫೋನನ್ನು ಬಾಯಿಂದ ದೂರ ಹಿಡಿದು ಕೆಮ್ಮಿದ್ದು ನನಗೆ ಕೇಳಿಸಿತು.

ಶರಣಪ್ಪನವರ ಊರು ಸೇಡಂ ಕಡೆಯದು. ಹದಿನೇಳು ವರ್ಷ ಜೀಡಿಮೆಟ್ಲಾದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿದ್ದರು. ಎದೆಯ ತೊಂದರೆ ಹೆಚ್ಚಾಗಿ, ಮತ್ತೆ ಆ ಗಾಳಿಗೆ ಹೋದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಬಿಟ್ಟರು. ಕಾರ್ಖಾನೆಯ ಕಂಪ್ಯೂಟರಿನಲ್ಲೇ ಕಲಿತ ವಿದ್ಯೆಯ ಬಲದ ಮೇಲೆ ಕಾಚಿಗೂಡ ಸ್ಟೇಷನ್ ಹತ್ತಿರ ಒಂದು ತರಬೇತಿ ಕೇಂದ್ರ ತೆರೆದಿದ್ದರು. ಕಲಬುರಗಿ, ಯಾದಗಿರಿ, ಬೀದರದಿಂದ ಬಂದು ಡಿಪ್ಲೊಮಾ ಮುಗಿಸಿ ಏನು ಮಾಡಬೇಕೆಂದು ತಿಳಿಯದವರು ಅಲ್ಲಿ ಸೇರುತ್ತಿದ್ದರು. ಮೂರು ವರ್ಷದಲ್ಲಿ ಕೇಂದ್ರ ಏಳಲೂ ಇಲ್ಲ, ಬೀಳಲೂ ಇಲ್ಲ. ಆಗ ಫೈನಾನ್ಶಿಯಲ್ ಡಿಸ್ಟ್ರಿಕ್ಟಿನ ದೊಡ್ಡ ಕಂಪನಿಯೊಂದು ತನ್ನ ನೇಮಕಾತಿಯ ಪ್ರಾಯೋಗಿಕ ಪರೀಕ್ಷೆಗೆ ನಗರದಲ್ಲಿ ಕೇಂದ್ರಗಳನ್ನು ಹುಡುಕತೊಡಗಿತು. ಪರೀಕ್ಷಾಕೇಂದ್ರವಾದರೆ ವರ್ಷಕ್ಕೆ ನಾಲ್ಕು ಸಲ ಪರೀಕ್ಷೆ, ಆ ಹೆಸರಿನಿಂದಲೇ ವಿದ್ಯಾರ್ಥಿಗಳು. ಆಗದಿದ್ದರೆ ಮಾರ್ಚ್‌ಗೆ ಬಾಗಿಲು ಹಾಕುವುದು ಎಂದು ಅವರು ಆಗಲೇ ನಿಶ್ಚಯಿಸಿದ್ದರು.

“ಬಾಗ್ಲಾ ಹಾಕಿದ್ರ ಏನ್ ಮಾಡತೀರಿ?” ಎಂದು ಕೇಳಿದೆ.

“ಏನ್ ಮಾಡೂದ್ರಿ. ಜೀಡಿಮೆಟ್ಲಾದಾಗ ನನ್ನ ಜಾಗಾ ಇನ್ನೂ ಖಾಲಿ ಐತಂತ. ಕರಿಯಾಕತ್ತಾರ. ಬ್ಯಾರೆ ಎಲ್ಲಿ ಯಾರ ಕರೀತಾರ, ನಲವತ್ತಾರ ಆತು ನನಗ.”

ಪರೀಕ್ಷೆಯ ಷರತ್ತು ಒಂದೇ ಕಠಿಣವಾದದ್ದು. ಪ್ರತಿ ಕಂಪ್ಯೂಟರಿನಲ್ಲೂ ಎರಡು ವರ್ಚುವಲ್ ಮಷಿನ್‌ಗಳು ಏಕಕಾಲಕ್ಕೆ ನಡೆಯಬೇಕು. ಅವರ ಬಳಿ ಹದಿನಾರು ಕಂಪ್ಯೂಟರ್‌ಗಳಿದ್ದವು, ಒಂದು ಆಫೀಸಿನವರು ಬದಲಾಯಿಸಿದಾಗ ಒಟ್ಟಿಗೆ ತಂದವು, ಎಲ್ಲವೂ ಒಂದೇ ಮಾದರಿ. ಇವುಗಳಲ್ಲಿ ಅದು ನಡೆಯುವುದೇ ಎಂಬುದು ಅವರ ಪ್ರಶ್ನೆ. ನಾನು ಫೋನಿನಲ್ಲೇ ಸಿಸ್ಟಮ್ ಮಾಹಿತಿ ಪರದೆ ತೆರೆಯಲು ಹೇಳಿದೆ. ಅವರು ಒಂದೊಂದೇ ಕಂಪ್ಯೂಟರಿನ ಮುಂದೆ ಹೋಗಿ ನೋಡುತ್ತ, ನೆಲದ ಮೇಲೆ ಕುರ್ಚಿ ಎಳೆಯುವ ಸದ್ದಿನ ನಡುವೆ ಎಣಿಸಿದರು. “ಹಸರ ಟಿಕ್ ಐತ್ರಿ. ಇದರಾಗೂ ಐತ್ರಿ. ಇದರಾಗೂ.” ಹದಿನಾರನೆಯದಕ್ಕೆ ಬಂದಾಗ ಅವರ ದನಿ ಏರಿತ್ತು.

“ಹಂಗಾರ ಏನೂ ಚಿಂತಿ ಇಲ್ಲ,” ಎಂದೆ ನಾನು. “ನಡೀತಾವ. ಅರ್ಜಿ ಹಾಕ್ರಿ.”

ಎಷ್ಟು ಸಲೀಸಾಗಿ ಹೇಳಿದೆ! ಆ ದಿನ ಮನೆಗೆ ಬಂದು, ನನ್ನ ಒಂದು ಸಾಲಿನಿಂದ ಒಬ್ಬರಿಗೆ ಉಪಕಾರವಾಯಿತು ಎಂದು ಯಜಮಾನರಿಗೆ ಹೇಳಿಕೊಂಡದ್ದು ಕೂಡ ನೆನಪಿದೆ.

ಅರ್ಜಿ ಸ್ವೀಕೃತವಾಯಿತು. ಜನವರಿಯ ಎರಡನೆಯ ಶನಿವಾರ ತಪಾಸಣೆ, ಮುಂದಿನ ಶನಿವಾರ ಮೊದಲ ಪರೀಕ್ಷೆ, ಹದಿನಾರರಂತೆ ಎರಡು ತಂಡಗಳಲ್ಲಿ ಮೂವತ್ತೆರಡು ಅಭ್ಯರ್ಥಿಗಳು. ತಪಾಸಣೆಗೆ ಒಂಬತ್ತು ದಿನ ಇರುವಾಗ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಶರಣಪ್ಪನವರ ಫೋನ್ ಬಂತು. ಪರೀಕ್ಷೆಯ ತಾಲೀಮು ಮಾಡೋಣವೆಂದು ಮೊದಲ ಸಲ ವರ್ಚುವಲ್ ಮಷಿನ್ ಹಚ್ಚಿದ್ದರು. ಅದು ಏಳಲಿಲ್ಲ. ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲನ್ನು ಅವರು ಅಕ್ಷರ ಅಕ್ಷರ ಓದಿ ಹೇಳಿದರು. ಬಯಾಸ್ ಇದನ್ನು ನಿಷ್ಕ್ರಿಯಗೊಳಿಸಿದೆ ಎಂಬುದು ಅದರ ಅರ್ಥ. “ಹದಿನಾರೂ ಹಿಂಗ ಅಂತಾವ್ರಿ. ಟಿಕ್ ಮಾತ್ರ ಹಂಗ ಐತಿ.”

ನಾನು ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಫಣೀಂದ್ರನ ಮೇಜಿಗೆ ಹೋದೆ. ಅವನು ಚೀಟಿ ನೋಡಿ, ನಮ್ಮ ಹೆಲ್ಪ್ ಪುಟವನ್ನು ತೆರೆದು, ಸ್ವಲ್ಪ ಹೊತ್ತು ಮೇಲೆ ಕೆಳಗೆ ಸರಿಸಿದ. “ಮೇಡಂ, ಔರ್ ಏಕ್ ಸೆಂಟೆನ್ಸ್ ಥಾ ನಾ ಇಧರ್? ವೋ ಕಿಧರ್ ಗಯಾ?” ಎಂದ. ಇಲ್ಲಿ ಇನ್ನೊಂದು ವಾಕ್ಯವಿತ್ತಲ್ಲ, ಅದು ಎಲ್ಲಿ ಹೋಯಿತು ಎಂದು. ಬೈಯಲಿಲ್ಲ. ನಿಜವಾಗಿ ಹುಡುಕುವವನ ಹಾಗೆ ಕೇಳಿದ.

ಅವನು ಆ ದಿನ ನನಗೆ ವಿವರಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಬಯಾಸ್ ಎಂದರೆ ಕಂಪ್ಯೂಟರಿಗೆ ವಿದ್ಯುತ್ ಕೊಟ್ಟ ಕೂಡಲೆ, ಆಪರೇಟಿಂಗ್ ಸಿಸ್ಟಮ್‌ಗಿಂತ ಮೊದಲು ಏಳುವ, ಮದರ್‌ಬೋರ್ಡಿನಲ್ಲೇ ಕೂತಿರುವ ಸಣ್ಣ ತಂತ್ರಾಂಶ. ಫರ್ಮ್‌ವೇರ್ ಎಂದು ಅವನು ಬರೆದಿದ್ದದ್ದು ಇದನ್ನೇ. ವರ್ಚುವಲೈಸೇಷನ್ ಏರ್ಪಾಡನ್ನು ತೆರೆದಿಡಬೇಕೋ ಮುಚ್ಚಿಡಬೇಕೋ ಎಂದು ತೀರ್ಮಾನಿಸಿ ಅದು ಬೀಗ ಹಾಕುತ್ತದೆ. ಒಮ್ಮೆ ಬೀಗ ಬಿದ್ದರೆ ಕಂಪ್ಯೂಟರನ್ನು ಆರಿಸುವವರೆಗೆ ಯಾರೂ ತೆಗೆಯುವಂತಿಲ್ಲ, ಮತ್ತೆ ಹಚ್ಚಿದರೆ ಮತ್ತೆ ಅದೇ ಬೀಗ. ಆದರೆ ಆಪರೇಟಿಂಗ್ ಸಿಸ್ಟಮ್ ಬಂದು ‘ನಿನ್ನಲ್ಲಿ ಏನೇನಿದೆ?’ ಎಂದು ಕೇಳಿದಾಗ ಪ್ರೊಸೆಸರ್ ಬೀಗದ ಮಾತೆತ್ತುವುದಿಲ್ಲ. ಕೇಳಿದ್ದು ಇದೆಯೇ ಎಂದು; ಇದೆ ಎನ್ನುತ್ತದೆ. ನಾವು ಆ ಉತ್ತರಕ್ಕೆ ಹಸಿರು ಬಣ್ಣ ಬಳಿದಿದ್ದೆವು.

“ಬಯಾಸ್ ಮೆನುವಿನಲ್ಲಿ ಆಪ್ಷನ್ ಇದ್ದರೆ ಎರಡು ನಿಮಿಷದ ಕೆಲಸ,” ಎಂದ ಫಣೀಂದ್ರ. ಮರುದಿನ ಇಬ್ಬರೂ ಕಾಚಿಗೂಡಕ್ಕೆ ಹೋದೆವು.

ಒಂದು ಲಾಡ್ಜಿನ ಪಕ್ಕದ ಹಳೆಯ ಮನೆಯ ಮುಂದಿನ ಎರಡು ಕೋಣೆಗಳೇ ಕೇಂದ್ರ. ಹಿಂದಿನ ಒಂದು ಕೋಣೆ ಅವರ ಸಂಸಾರ. ಕಂಪ್ಯೂಟರ್‌ಗಳಿಗೆ ಹಳೆಯ ಸೀರೆಯ ಹೊದಿಕೆ ಹೊಲಿದಿದ್ದರು, ಅಂಚು ಬರೋಬ್ಬರಿ ಮುಂದಕ್ಕೆ ಬರುವಂತೆ. ಹೊಲಿದದ್ದು ಶರಣಪ್ಪನವರ ಹೆಂಡತಿ ಗಂಗಮ್ಮ. ಅವರು ನಮಗೆ ಚಹಾ ತಂದು, ಗಂಡನ ಬೆನ್ನ ಹಿಂದೆ ನಿಂತು ಪರದೆ ನೋಡಿದರು.

“ಇವರ ಕಂಪ್ಯೂಟರದಾಗ ಎಲ್ಲಾ ಐತಂತ್ರಿ ಅಕ್ಕಾರ, ನಡಿಯೂದೊಂದ ಇಲ್ಲಂತ,” ಎಂದರು ನನಗೆ. “ನಮ್ಮ ಮಾವಾರು ಹಿಂಗ ಒಂದು ಎತ್ತು ತಂದಿದ್ರು. ಕೋಡು, ಬಾಲ, ಸುಳಿ, ಎಲ್ಲಾ ಛಲೋ. ಏಳತಿದ್ದಿಲ್ಲ.”

“ಸುಮ್ನಿರ ಮಾರಾಯ್ತಿ, ಮಂದಿ ಮುಂದ,” ಎಂದು ಶರಣಪ್ಪ ನಕ್ಕರು. ನಾವೂ ನಕ್ಕೆವು. ಆಗಿನ್ನೂ ಆಸೆ ಇತ್ತು.

ಫಣೀಂದ್ರ ಮೊದಲ ಕಂಪ್ಯೂಟರನ್ನು ಆರಿಸಿ, ಹಚ್ಚಿ, ಬಯಾಸ್‌ನ ನೀಲಿ ಪರದೆಗೆ ಹೋದ. ಒಂದೊಂದೇ ಪುಟ ತಿರುವಿದ. ಗಡಿಯಾರವಿತ್ತು, ಕೀಬೋರ್ಡಿನ ದೀಪವಿತ್ತು, ಫ್ಯಾನಿನ ವೇಗವಿತ್ತು. ನಮಗೆ ಬೇಕಾದ ಸಾಲು ಇರಲಿಲ್ಲ. ತಯಾರಕರು ಆ ಮಾದರಿಯಲ್ಲಿ ಬೀಗ ಹಾಕಿ ಕೀಲಿಯ ತೂತನ್ನೇ ಇಟ್ಟಿರಲಿಲ್ಲ. ಅವನು ಮೂರು ಸಲ ನೋಡಿದ. ಎರಡನೆಯ, ಮೂರನೆಯ ಕಂಪ್ಯೂಟರ್ ನೋಡಿದ. ಅಷ್ಟರಲ್ಲಿ ಶರಣಪ್ಪ ಅವನ ಹಿಂದಿನಿಂದ ಸರಿದು ಕಿಟಕಿಯ ಬಳಿ ನಿಂತಿದ್ದರು.

ಮುಂದಿನ ಏಳು ದಿನ ನಾವು ಮಾಡಿದ್ದನ್ನೆಲ್ಲ ನಾನು ಕ್ಯಾಲೆಂಡರಿನ ಹಿಂಬದಿ ಬರೆದಿಟ್ಟಿದ್ದೆ. ಶನಿವಾರ ತಯಾರಕರ ಸಹಾಯವಾಣಿಗೆ ಫೋನ್ ಮಾಡಿದೆ. ನನ್ನ ಕಾನ್ವೆಂಟ್ ಇಂಗ್ಲಿಷ್ ಕೇಳಿ ಬಹಳ ಮರ್ಯಾದೆಯಿಂದ ಮಾತನಾಡಿದ ಆಕೆ, ಈ ಮಾದರಿಯಲ್ಲಿ ಆ ಸೌಲಭ್ಯವನ್ನು ಕೊಡಲಾಗಿಲ್ಲ ಎಂದಳು. ಪ್ರೊಸೆಸರ್‌ನಲ್ಲಿ ಇದೆಯಲ್ಲ ಎಂದೆ. ಪ್ರೊಸೆಸರ್ ಬೇರೆ ಕಂಪನಿಯದು ಮ್ಯಾಮ್ ಎಂದಳು. ಸೋಮವಾರ ಫಣೀಂದ್ರ ಹೊಸ ಬಯಾಸ್ ಹುಡುಕಿದ. ಈ ಮಾದರಿಗೆ ಇರಲಿಲ್ಲ, ಇದರ ಸೋದರ ಮಾದರಿಗೊಂದಿತ್ತು. ತಪ್ಪು ಬಯಾಸ್ ಬರೆದರೆ ಕಂಪ್ಯೂಟರ್ ಸತ್ತೇಹೋಗಬಹುದು ಎಂದು ಅವನು ಮೊದಲೇ ಹೇಳಿದ. ಶರಣಪ್ಪ ಮೂಲೆಯ ಒಂದು ಕಂಪ್ಯೂಟರನ್ನು ತೋರಿಸಿ, “ಇದರ ಮ್ಯಾಲೆ ಮಾಡ್ರಿ, ಇದಕ್ಕ ಮದಲ ಸ್ಪೀಕರ್ ಇಲ್ಲ,” ಎಂದರು. ಬಯಾಸ್ ಎಷ್ಟು ಬರೆದಾಯಿತೆಂದು ತೋರಿಸುವ ಗೆರೆ ನೂರು ಪ್ರತಿಶತ ತಲುಪಿ ಮಾಯವಾಯಿತು, ಪರದೆ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ. ಗಂಗಮ್ಮ ಅದರ ಸೀರೆಯ ಹೊದಿಕೆಯನ್ನು ಎತ್ತಿ ಮಡಚಿ ಒಳಗೆ ಒಯ್ದರು.

ಮಂಗಳವಾರ, ಪ್ರೊಸೆಸರ್‌ನ ಸಹಾಯವಿಲ್ಲದೆ ಬರೀ ತಂತ್ರಾಂಶದ ಬಲದಿಂದ ವರ್ಚುವಲ್ ಮಷಿನ್ ನಡೆಸಿ ನೋಡಿದೆವು. ನಡೆಯಿತು. ಒಂದು ಮಷಿನ್ ಲಾಗಿನ್ ಪರದೆಗೆ ಬರಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಎರಡನ್ನೂ ಒಟ್ಟಿಗೆ ಹಚ್ಚಿದಾಗ ಇಪ್ಪತ್ತಾರು. ಪರೀಕ್ಷೆಯ ಅವಧಿ ತೊಂಬತ್ತು ನಿಮಿಷ. ಬುಧವಾರ ಬಾಡಿಗೆ ಕಂಪ್ಯೂಟರ್‌ಗಳಿಗಾಗಿ ಅಲೆದೆವು. ಪರೀಕ್ಷೆಯ ಕಂಪನಿಯ ನಿಯಮದಲ್ಲಿ ಕೇಂದ್ರದ ಯಂತ್ರಗಳು ಕೇಂದ್ರದವೇ ಆಗಿರಬೇಕು, ಅರ್ಜಿಯಲ್ಲಿ ಕೊಟ್ಟ ಸೀರಿಯಲ್ ನಂಬರುಗಳೇ ಆಗಿರಬೇಕು ಎಂದಿತ್ತು. ಆ ಸಾಲನ್ನು ಶರಣಪ್ಪ ನಮಗೆ ಗುರುವಾರ ತೋರಿಸಿದರು. ಅವರಿಗೆ ಮೊದಲೇ ಗೊತ್ತಿತ್ತಂತೆ. “ನೀವು ಇಷ್ಟ ಓಡಾಡಾಕತ್ತಿದ್ರಿ, ಬ್ಯಾಡ ಅನ್ನಾಕ ಮನಸಾಗಲಿಲ್ರಿ,” ಎಂದರು.

ತಪಾಸಣೆಯ ಶನಿವಾರ ಅಲ್ಲಿಗೆ ಹೋಗುವ ಅಗತ್ಯ ನನಗಿರಲಿಲ್ಲ. ಹೋದೆ. ಸೀರೆಯ ಹೊದಿಕೆಗಳನ್ನೆಲ್ಲ ತೆಗೆದು, ಸತ್ತ ಕಂಪ್ಯೂಟರಿನ ಜಾಗ ಖಾಲಿ ಬಿಟ್ಟಿದ್ದರು. ತಪಾಸಣೆಗೆ ಬಂದವಳು ಸಮೀನಾ ಎಂಬ ಇಪ್ಪತ್ತೈದರ ಹುಡುಗಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ನಾಲ್ಕು ಹಾಳೆ. ಬೆಳಕು, ಕುರ್ಚಿ, ಕುಡಿಯುವ ನೀರು, ಶೌಚಾಲಯ ಎಲ್ಲವನ್ನೂ ನೋಡಿ ಟಿಕ್ ಹಾಕಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ನಮ್ಮ ಸಿಸ್ಟಮ್ ಮಾಹಿತಿ ಪರದೆಯನ್ನು ತೆರೆದಳು. ಹಸಿರು ಟಿಕ್ ನೋಡಿ ಹಾಳೆಯಲ್ಲಿ ತಾನೂ ಒಂದು ಟಿಕ್ ಹಾಕಿದಳು. ಮುಂದಿನದಕ್ಕೆ ಹೋದಳು. ನಾನು ಪಕ್ಕದಿಂದ ಬಾಗಿ ಅವಳ ಹಾಳೆ ನೋಡಿದೆ. ಹದಿನೆಂಟನೆಯ ಅಂಶದ ಮುಂದೆ ಅಚ್ಚಾಗಿದ್ದದ್ದು ನನ್ನದೇ ವಾಕ್ಯ, ಒಂದು ಅಲ್ಪವಿರಾಮವೂ ಬದಲಾಗದೆ. ಯಾರೋ ನಮ್ಮ ಹೆಲ್ಪ್ ಪುಟದಿಂದ ಎತ್ತಿ ಹಾಕಿದ್ದರು.

ಹದಿನೈದು ಕಂಪ್ಯೂಟರ್‌ಗಳಿಗೂ ಟಿಕ್ ಬಿತ್ತು. ಹದಿನೈದಕ್ಕೆ ಹೊಂದುವಂತೆ ತಂಡಗಳನ್ನು ಬದಲಾಯಿಸಿಕೊಳ್ಳಬಹುದು ಎಂದಳು ಸಮೀನಾ. “ಮುಬಾರಕ್ ಹೋ ಸರ್,” ಎಂದು ಪೆನ್ನಿನ ಮುಚ್ಚಳ ಹಾಕಿದಳು.

ಶರಣಪ್ಪ ನನ್ನ ಕಡೆ ನೋಡಿದರು. ಗಂಗಮ್ಮ ಒಳಗಿನ ಬಾಗಿಲಲ್ಲಿ ನಿಂತು ಗಂಡನಿಗೆ ಕನ್ನಡದಲ್ಲಿ, ದನಿ ಏರಿಸದೆ, “ಬಾಯಿ ತೆರೀಬ್ಯಾಡ್ರಿ. ಪಾಸ್ ಆಗೇತಿ. ವಾರದಾಗ ಏನರ ಹಾದಿ ಆಕ್ಕೈತಿ. ನಿಮ್ಮ ಎದಿ ನೆನಸ್ಕೊರಿ,” ಎಂದರು. ಸಮೀನಾ ಏನೆಂದು ತಿಳಿಯದೆ ನಗುತ್ತ ಅವರನ್ನು ನೋಡಿದಳು.

ನಾನು ಹೇಳಬೇಕಿತ್ತು. ಈ ಹಾಳೆಯ ಹದಿನೆಂಟನೆಯ ಸಾಲು ಅರ್ಧ ಸತ್ಯ, ಅದನ್ನು ಅರ್ಧ ಮಾಡಿದವಳು ನಾನು ಎನ್ನುವಷ್ಟು ಹಿಂದಿ ನನಗೆ ಬರುತ್ತಿತ್ತು. ಹೇಳಿದರೆ ಇವರ ಅನ್ನ ಹೋಗುತ್ತದೆ, ಹೇಳದಿದ್ದರೆ ಮುಂದಿನ ಶನಿವಾರ ಮೂವತ್ತೆರಡು ಜನ ಕಪ್ಪು ಪರದೆಯ ಮುಂದೆ ಕೂರುತ್ತಾರೆ. ಅವರಲ್ಲಿ ಹನ್ನೊಂದು ಜನ ಇದೇ ಕೋಣೆಯಲ್ಲಿ ಕಲಿತವರು. ನಾನು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತೆ. ಮಾತನಾಡಿದವರು ಶರಣಪ್ಪ.

“ಬೇಟಾ, ಬೈಠೋ ಜರಾ,” ಎಂದು ಅವಳನ್ನು ಕೂರಿಸಿ, ಒಂದು ಕಂಪ್ಯೂಟರಿನಲ್ಲಿ ತಾವೇ ವರ್ಚುವಲ್ ಮಷಿನ್ ಹಚ್ಚಲು ಹೋಗಿ, ಬಂದ ಸಾಲನ್ನು ಬೆರಳಿನಿಂದ ತೋರಿಸಿದರು.

ಸಮೀನಾ ಅದನ್ನು ಓದಿದಳು. ತನ್ನ ಹಾಳೆ ನೋಡಿದಳು. ಮತ್ತೆ ಪರದೆ ನೋಡಿದಳು. “ಸರ್, ಆಪ್ ಕಾಯ್ಕು ಬೋಲೇ ಮೇರೇಕು?” ಎಂದಳು. ನನಗೆ ಯಾಕೆ ಹೇಳಿದಿರಿ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು. “ಮೈ ಟಿಕ್ ಕರ್ಕೆ ಚಲೇ ಜಾತೀ ಥೀ ನಾ.” ಟಿಕ್ ಹಾಕಿ ಹೊರಟುಹೋಗುತ್ತಿದ್ದೆನಲ್ಲ ಎಂದು.

“ಇಮ್ತಿಹಾನ್ ಕೇ ದಿನ್ ಬಚ್ಚೇ ಪೂಛೇ ತೋ ಕ್ಯಾ ಬೋಲ್ನಾ ಮೈ?” ಎಂದರು ಶರಣಪ್ಪ. ಪರೀಕ್ಷೆಯ ದಿನ ಮಕ್ಕಳು ಕೇಳಿದರೆ ನಾನೇನು ಹೇಳಲಿ ಎಂದು.

ಅವಳು ಹೊರಗೆ ಹೋಗಿ ಆಫೀಸಿಗೆ ಫೋನ್ ಮಾಡಿದಳು. ಒಂದು ಸಾಲು ತಪ್ಪಾಗಿದ್ದರೆ ಕಾಲಾವಕಾಶ ಕೊಡಬಹುದಲ್ಲ ಎಂದು ಅವಳು ವಾದಿಸುವುದು ನಮಗೆ ಕೇಳಿಸುತ್ತಿತ್ತು. ಎರಡು ಸಲ ‘ಪ್ಲೀಸ್ ಸರ್’ ಎಂದಳು. ಒಳಗೆ ಬಂದು, ಹದಿನೆಂಟನೆಯ ಅಂಶದ ಟಿಕ್‌ಗಳ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದಳು. ಅಭ್ಯರ್ಥಿಗಳನ್ನು ನಗರದ ಇನ್ನೊಂದು ತುದಿಯ ಕಾಲೇಜಿಗೆ ಕಳಿಸಲಾಯಿತು. ಆ ಹನ್ನೊಂದು ಜನರಲ್ಲಿ ಮೂವರು ಆಯ್ಕೆಯಾದರು ಎಂದು ಆಮೇಲೆ ತಿಳಿಯಿತು. ಮೂವರೂ ಸಿಹಿ ತಂದುಕೊಟ್ಟರಂತೆ. ಕೇಂದ್ರದ ಅರ್ಜಿಯ ಮೇಲೆ ‘ಅನರ್ಹ’ ಎಂದು ಬರೆದದ್ದು ಎರಡು ವರ್ಷ ಹಾಗೆಯೇ ಉಳಿಯುವಂಥದ್ದು.

ಮಾರ್ಚ್ ಕೊನೆಯಲ್ಲಿ ಕೇಂದ್ರ ಮುಚ್ಚಿತು. ಕ್ಷಮೆ ಕೇಳಲು ನಾನು ಹೋದ ದಿನ ಕಂಪ್ಯೂಟರ್‌ಗಳನ್ನು ಹಳೆಯ ಸಾಮಾನಿನ ಟೆಂಪೊಗೆ ಏರಿಸುತ್ತಿದ್ದರು. ಎರಡನೆಯ ವಾಕ್ಯದ ಕಥೆಯನ್ನೆಲ್ಲ ನಾನು ಹೇಳಿದೆ. ಅಲ್ಲಿಯವರೆಗೆ ಅವರಿಗೆ ಅದು ಗೊತ್ತಿರಲಿಲ್ಲ. ಕೇಳುತ್ತಲೇ ಕೈಯಲ್ಲಿದ್ದ ಕೀಬೋರ್ಡನ್ನು ಟೆಂಪೊಗೆ ಏರಿಸಿದರು.

“ನೀವು ಅದನ್ನ ಉಳಿಸಿದ್ರೂ ನಾ ಓದತಿದ್ದಿಲ್ಲೇನೋ ಮೇಡಂ,” ಎಂದರು. “ಹಸರ ಟಿಕ್ ನೋಡಿದ ಮ್ಯಾಲೆ ಯಾವಾಂವ ಮುಂದ ಓದತಾನ್ರಿ?”

ನನಗೆ ಸಮಾಧಾನವಾಗಲೆಂದು ಹೇಳಿದ್ದು. ಆಗಲಿಲ್ಲ. ಆ ಹಸಿರು ಟಿಕ್ಕೂ ನನ್ನದೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ಸೋಮವಾರದಿಂದ ಅವರು ಜೀಡಿಮೆಟ್ಲಾಕ್ಕೆ ಹೋಗತೊಡಗಿದರು.

ತಪಾಸಣೆಯ ಮರುವಾರವೇ ನಾನು ಹೆಲ್ಪ್ ಪುಟವನ್ನು ತಿದ್ದಿದ್ದೆ. ಟಿಕ್ ತೆಗೆಸಿ, ಪರದೆಯಲ್ಲಿ ಮೂರು ಸಾಲು ಬರುವಂತೆ ಫಣೀಂದ್ರ ಮಾಡಿದ: ಪ್ರೊಸೆಸರ್‌ನಲ್ಲಿ ಸೌಲಭ್ಯ ಇದೆಯೇ, ಬಯಾಸ್ ಅದಕ್ಕೆ ಅನುಮತಿ ಕೊಟ್ಟಿದೆಯೇ, ಈಗ ಬಳಸಲು ಸಾಧ್ಯವೇ. ಬಳಕೆದಾರರಿಂದ ದೂರುಗಳು ಬಂದವು. ಇಷ್ಟೆಲ್ಲ ಯಾಕೆ, ಹೌದು ಅಥವಾ ಇಲ್ಲ ಎಂದು ಹೇಳಿ ಸಾಕು ಎಂದರು. ನಾನಿದ್ದಷ್ಟು ದಿನ ಮೂರು ಸಾಲನ್ನು ಉಳಿಸಿಕೊಂಡೆ. ನಾನು ಬಿಟ್ಟ ವರ್ಷವೇ ಹೊಸ ಆವೃತ್ತಿಯಲ್ಲಿ ಮತ್ತೆ ಟಿಕ್ ಬಂತು. ಈ ಸಲ ನೀಲಿ ಬಣ್ಣದ್ದು. ನಾನು ಪತ್ರ ಬರೆದೆ. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು.

ಬಹಳ ವರ್ಷಗಳ ನಂತರ ಫಣೀಂದ್ರ ಒಂದು ಸಂದೇಶ ಕಳಿಸಿದ. ಲಿನಕ್ಸ್‌ನ ಕರ್ನಲನ್ನೇ, ಎಂದರೆ ಅದರ ತಿರುಳನ್ನೇ ಬದಲಾಯಿಸಿದ್ದಾರಂತೆ. ಬಯಾಸ್ ಬೀಗ ಹಾಕಿದ್ದರೆ ಈಗ ಪಟ್ಟಿಯಲ್ಲಿ ಆ ಮೂರಕ್ಷರ ಕಾಣಿಸುವುದಿಲ್ಲವಂತೆ. ಓದಿ ಬಹಳ ಹೊತ್ತು ಫೋನ್ ಹಿಡಿದು ಕೂತೆ. ಶರಣಪ್ಪನವರಿಗೆ ಹೇಳಬೇಕೆನಿಸಿತು. ಅವರ ನಂಬರಿಗೆ ಫೋನ್ ಮಾಡಿದೆ. ಫೋನ್ ತೆಗೆದವರು ಗಂಗಮ್ಮ.

ನನ್ನ ದನಿ ಅವರಿಗೆ ಕೂಡಲೆ ಗುರುತು ಸಿಕ್ಕಿತು. ಮಗಳ ಮದುವೆಯಾಯಿತೇ ಎಂದು ಕೇಳಿದರು, ನನ್ನ ಮಂಡಿ ನೋವು ಕೇಳಿದರು. ಶರಣಪ್ಪ ಮಾಸ್ತರು ಹೇಗಿದ್ದಾರೆ ಎಂದು ನಾನು ಕೇಳಿದೆ.

“ಆರಾಮ ಅದಾರ್ರಿ ಅಕ್ಕಾರ,” ಎಂದರು.

ಆ ಮೂರು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಯಂತ್ರವಾಗಲಿ, ಮನುಷ್ಯರಾಗಲಿ, ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಡುತ್ತಾರೆ. ಇದೆಯೇ ಎಂದು ಕೇಳಿ ಎದ್ದು ಹೋಗುವವರು ನಾವು. ಇನ್ನೊಂದು ಪ್ರಶ್ನೆ ಕೇಳುವುದು ನಮ್ಮ ಕೆಲಸ, ಅದರ ಉತ್ತರ ಇಷ್ಟವಾಗದಿದ್ದರೂ.

“ಮೆಟ್ಟಲಾ ಹತ್ತತಾರೇನ್ರಿ?” ಎಂದು ಕೇಳಿದೆ.



“ಇಲ್ರಿ,” ಎಂದರು ಗಂಗಮ್ಮ. “ಎರಡು ವರ್ಷಾತು. ಕೆಳಗಿನ ಮನಿ ಮಾಡೀವಿ.”